ಕಾದು ತಂದ ತೋಪು

ಹೇಳಿ ಮಾಡಿಸಿದ ವಸ್ತುವಿನ ಗತ್ತೇ ಬೇರೆ. ಅಂಗಡಿಯಲ್ಲಿ ಕೊಂಡ ಸೀರೆ ಎಷ್ಟೇ ಚೆಲುವಾಗಿರಲಿ, ಇಳಕಲ್ಲಿಗೆ ಹೋಗಿ, ಒಡಲು ಈ ಬಣ್ಣದ್ದಿರಲಿ, ದಡಿ ಇಷ್ಟು ಅಗಲವಿರಲಿ ಎಂದು ನೇಕಾರರ ಮುಂದೆ ಕುಳಿತು ಹೇಳಿ ನೇಯಿಸಿದ ಸೀರೆಯನ್ನು ಉಟ್ಟವಳ ನಡಿಗೆಯೇ ಬೇರೆಯಾಗಿರುತ್ತದೆ. ಪತ್ತಾರರ ಬಳಿ ಹೇಳಿ ಮಾಡಿಸಿದ ಬೋರಮಾಳ ಸರಕ್ಕೂ ಇದೇ ಮಾತು. ಆದರೆ ಹೇಳಿ ಮಾಡಿಸುವುದೆಂದರೆ ಕಾಯುವುದೂ ಹೌದು. ಮದುವೆಗೆಂದು ಹೇಳಿದ ಸೀರೆ ಮಗುವಿನ ತೊಟ್ಟಿಲ ಕಾರ್ಯಕ್ಕೆ ಬಂದು ಮುಟ್ಟಿದ ಕತೆಗಳು ನಮ್ಮ ಕಡೆ ಬೇಕಾದಷ್ಟಿವೆ. ಸೀರೆ ಚೆನ್ನಾಗಿಯೇ ಇರುತ್ತದೆ, ಉಡಬೇಕೆಂದಿದ್ದ ದಿನ ಮಾತ್ರ ದಾಟಿ ಹೋಗಿರುತ್ತದೆ.

ಈ ಕಾಯುವ ಲೆಕ್ಕವನ್ನು ನಾನು ಹೊಸದಾಗಿ ಮಾಡಬೇಕಾಗಿ ಬಂದದ್ದು ನನ್ನ ತಂಗಿಯ ಮಗನಿಂದ. ಅವನಿಗೆ ಬಂದೂಕಿನಿಂದ ಗುರಿ ಹೊಡೆಯುವ ಕ್ರೀಡೆಯ ಹುಚ್ಚು. ಕ್ರೀಡಾ ಸಂಘವೊಂದರಲ್ಲಿ ಪಾಯಿಂಟ್ ಟೂ ಟೂ ಬೋರಿನ ರೈಫಲ್ಲಿನಲ್ಲಿ ಅಭ್ಯಾಸ ಮಾಡುತ್ತಾನೆ. ರೈಫಲ್ಲಿನ ಜೀವವೆಲ್ಲ ಅದರ ನಳಿಗೆಯಲ್ಲಿದೆ ಎಂಬುದನ್ನು ನನಗೆ ಕಲಿಸಿದವನೇ ಅವನು. ನಳಿಗೆಯ ಒಳಮೈಯಲ್ಲಿ ತಿರುಪಿನ ಹಾಗೆ ಸುತ್ತಿಕೊಂಡು ಹೋಗುವ ಸಣ್ಣ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಹಿಡಿದು ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿ ಹೇಗೆ ವಾಲದೆ ನೆಟ್ಟಗೆ ನಿಲ್ಲುತ್ತದೋ ಹಾಗೆ ತಿರುಗುವ ಗುಂಡು ಅತ್ತಿತ್ತ ಹೊರಳದೆ ಗುರಿಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಸಾವಿರದ ಲೆಕ್ಕದಲ್ಲಿ ತಯಾರಾದ ನಳಿಗೆಗೂ, ಕುಶಲಿಗನೊಬ್ಬ ಒಂದೊಂದನ್ನೇ ಕೊರೆದು, ಗೀರು ತೆಗೆದು, ಒಳಮೈಯನ್ನು ಕೈಯಾರೆ ಉಜ್ಜಿ ನುಣುಪು ಮಾಡಿದ ನಳಿಗೆಗೂ ವ್ಯತ್ಯಾಸವಿದೆ. ಅಂಥ ನಳಿಗೆ ಪರದೇಶದಿಂದ ಬರಬೇಕು. ದುಡ್ಡು ಮುಂಗಡ ಕೊಡಬೇಕು. ಸರದಿಯಲ್ಲಿ ನಿಲ್ಲಬೇಕು.

“ದೊಡ್ಡವ್ವ, ಹತ್ತ ತಿಂಗಳ ಆಗತೈತಂತ. ಕಾಯಲೋ ಬ್ಯಾಡೋ, ನೀನ ಹೇಳು” ಎಂದ. ಬಂದೂಕಿನ ಗಂಧವಿಲ್ಲದ ಶಾಲೆಯ ಅಕ್ಕೋರನ್ನು ಯಾಕೆ ಕೇಳಿದನೋ! ಅವರವ್ವ ದುಡ್ಡು ಬಿಚ್ಚಲು ಒಪ್ಪಿರಲಿಲ್ಲ, ನನ್ನಿಂದ ಒಂದು ಶಿಫಾರಸು ಬೇಕಾಗಿತ್ತು ಎಂದು ಕಾಣುತ್ತದೆ. ನನಗೆ ಗೊತ್ತಿರುವುದು ಇತಿಹಾಸ. ಅದೂ ನಮ್ಮ ಸೀಮೆಯ ಇತಿಹಾಸ. ಹಾಗಾಗಿ ನನ್ನ ಕಣ್ಣ ಮುಂದೆ ಬಂದು ನಿಂತದ್ದು ನಮ್ಮ ಜಿಲ್ಲೆಯ ಅತಿ ದೊಡ್ಡ ನಳಿಗೆ, ವಿಜಯಪುರದ ಮಲಿಕ್-ಎ-ಮೈದಾನ.

ನಮ್ಮ ಮುಳವಾಡದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. 2014ರಲ್ಲಿ ಹೆಸರು ವಿಜಯಪುರವೆಂದಾದರೂ ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ. ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹೋಗಿದ್ದೇನೋ. ಗೋಲಗುಮ್ಮಟದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದ ಮಕ್ಕಳು ಊರ ಪಡುವಣ ಕೋಟೆಯ ಶೇರ್ಜಾ ಬುರುಜಿನ ಮೆಟ್ಟಿಲು ಹತ್ತುತ್ತಲೇ ಸುಮ್ಮನಾಗುತ್ತವೆ. ಅಲ್ಲಿ ಮಲಗಿದೆ ಆ ತೋಪು. ಉದ್ದ ಸುಮಾರು 14 ಅಡಿ. ಬಾಯಿಯ ಅಗಲ ಸುಮಾರು 28 ಅಂಗುಲ, ಒಬ್ಬ ಆಳು ಮುದುರಿಕೊಂಡು ಒಳಗೆ ಕೂಡಬಹುದು. ತೂಕ 55 ಟನ್ ಎಂದು ಹೇಳುತ್ತಾರೆ. ತೋಪಿನ ಮೂತಿಯೇ ಒಂದು ಸಿಂಹದ ತಲೆ. ಆ ಸಿಂಹ ಬಾಯಿ ತೆರೆದು ಆನೆಯನ್ನು ನುಂಗುತ್ತಿದೆ.

ಇದು ಕಬ್ಬಿಣದ್ದಲ್ಲ, ಕಂಚಿನದು. ಐದರಲ್ಲಿ ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಗುಡಿಯ ಗಂಟೆಗೆ ಹಾಕುವ ಪಾಕವೂ ಇದೇ. ಅದಕ್ಕೇ ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುತ್ತದೆ. ಹೊಯ್ದದ್ದು ಬಿಜಾಪುರದಲ್ಲಿ ಅಲ್ಲ, ಅಹಮದನಗರದಲ್ಲಿ. ವರ್ಷ 1549. ಹೊಯ್ಯಿಸಿದವನು ಅಲ್ಲಿಯ ಸುಲ್ತಾನ ಬುರ್ಹಾನ್ ನಿಜಾಮಶಾಹ. ಹೊಯ್ದವನು ತುರ್ಕಿ ದೇಶದ ಕಡೆಯಿಂದ ಬಂದ ಮುಹಮ್ಮದ್ ಬಿನ್ ಹುಸೇನ್ ರೂಮಿ. ಅವನ ಹೆಸರನ್ನು ತೋಪಿನ ಮೈಮೇಲೆಯೇ ಬರೆಯಲಾಗಿದೆ. ಹೇಳಿ ಮಾಡಿಸಿದ ನಳಿಗೆ ಎಂದರೆ ಇದು. ಇಂಥದ್ದೇ ಬೇಕೆಂದು ರಾಜ ಹೇಳಿದ, ಗೊತ್ತಿದ್ದ ಉಸ್ತಾದನನ್ನು ಹಿಡಿದು ಮಾಡಿಸಿದ.

ಕಂಚುಗಾರರ ಓಣಿಯಲ್ಲಿ ಪಾತ್ರೆ ಹೊಯ್ಯುವುದನ್ನು ನೋಡಿದವರಿಗೆ ಈ ಕೆಲಸದ ಗಡಸು ತಿಳಿಯುತ್ತದೆ. ಒಂದು ಗಂಗಾಳ ಹೊಯ್ಯುವಾಗಲೂ ಪಾಕದಲ್ಲಿ ಗಾಳಿ ಸಿಕ್ಕಿಕೊಂಡರೆ ತೂತು ಬೀಳುತ್ತದೆ, ಬೇಗ ಆರಿದರೆ ಬಿರುಕು ಬಿಡುತ್ತದೆ. ಗಂಗಾಳ ಕೆಟ್ಟರೆ ಮತ್ತೆ ಕರಗಿಸಬಹುದು. ಇಷ್ಟು ದೊಡ್ಡ ತೋಪಿಗೆ ಒಂದು ಒಲೆ ಸಾಲದು. ಕರಗಿದ ಲೋಹ ತಡೆಯಿಲ್ಲದೆ ಒಂದೇ ಹರಿವಿನಲ್ಲಿ ಅಚ್ಚಿಗೆ ಇಳಿಯಬೇಕು. ನಡುವೆ ನಿಂತರೆ ಅಲ್ಲಿಯೇ ಒಂದು ಬೆಸುಗೆಯ ಗೆರೆ, ಮುಂದೆ ಮದ್ದು ಹೊತ್ತಿದಾಗ ನಳಿಗೆ ಒಡೆಯುವುದು ಅಲ್ಲಿಯೇ. ಹಾಗೆ ಒಡೆದರೆ ಸಾಯುವವರು ಎದುರಿನ ಶತ್ರುಗಳಲ್ಲ, ತೋಪಿನ ಹಿಂದೆ ನಿಂತ ನಮ್ಮವರೇ. ಒಳ್ಳೆಯ ನಳಿಗೆಗೆ ಕಾಯಬೇಕು ಎನ್ನುವವರ ಮಾತಿನಲ್ಲಿ ಈ ಸತ್ಯವಿದೆ. ಅವಸರದ ನಳಿಗೆ ತನ್ನವರನ್ನೇ ಕೊಲ್ಲುತ್ತದೆ.

ಇದೇ ವಿಜಯಪುರದಲ್ಲಿ ಇನ್ನೊಂದು ಬಗೆಯ ನಳಿಗೆಯೂ ಇದೆ. ಸುಮಾರು 1584ರಲ್ಲಿ ಹೈದರಖಾನ ಕಟ್ಟಿಸಿದ ಉಪ್ಪಲಿ ಬುರುಜನ್ನು ನೀವು ನೋಡಿರಬಹುದು. ಸುಮಾರು 80 ಅಡಿ ಎತ್ತರದ ದುಂಡು ಬುರುಜು, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು. ಅದರ ನೆತ್ತಿಯ ಮೇಲೆ ಎರಡು ತೋಪುಗಳು. ಅವುಗಳಲ್ಲಿ ಉದ್ದನೆಯದು, ಲಂಬಛಡಿ ಎನ್ನುತ್ತಾರೆ, 30 ಅಡಿ ದಾಟುತ್ತದೆ. ಬಾಯಿ ಮಾತ್ರ ಒಂದೇ ಅಡಿ. ಇದನ್ನು ಹೊಯ್ದದ್ದಲ್ಲ, ಕಬ್ಬಿಣದಿಂದ ಬಡಿದು ಕಟ್ಟಿದ್ದು. ಆಗಿನ ನಮ್ಮ ಒಲೆಗಳಲ್ಲಿ ಕಬ್ಬಿಣವನ್ನು ನೀರಾಗಿ ಕರಗಿಸಿ ತೋಪಿನ ಅಚ್ಚಿಗೆ ಸುರಿಯುವಷ್ಟು ಕಾವು ಇರಲಿಲ್ಲ. ಕಾಯಿಸಿ ಬಡಿಯಬಹುದಾಗಿತ್ತು, ಅಷ್ಟೆ. ಆದ್ದರಿಂದ ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ದುಂಡಗೆ ಜೋಡಿಸಿ, ಅವುಗಳ ಮೇಲೆ ಕೆಂಪಗೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ಏರಿಸುತ್ತಿದ್ದರು. ಬಳೆ ಆರಿದಂತೆ ಕುಗ್ಗಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಊರ ಕಮ್ಮಾರರು ಬಂಡಿಯ ಗಾಲಿಗೆ ಹಳಿ ಏರಿಸುವ ಜಾಣತನವೇ ಇದು. ತುರ್ಕಿ ದೇಶದ ಉಸ್ತಾದನೇ ಬರಬೇಕೆಂದಿಲ್ಲ. ಕುಲುಮೆ, ಸುತ್ತಿಗೆ, ಕಬ್ಬಿಣ ಇದ್ದರೆ ಸಾಕು, ತುಂಡು ತುಂಡಾಗಿ ಕಟ್ಟುತ್ತ ಹೋಗಬಹುದು. ಒಂದು ಬಳೆ ಕೆಟ್ಟರೆ ಆ ಒಂದು ಬಳೆಯನ್ನು ಮಾತ್ರ ಮತ್ತೆ ಬಡಿದರೆ ಆಯಿತು.

ಈಗ ಕಾಯುವ ಲೆಕ್ಕಕ್ಕೆ ಬರೋಣ. ಮಲಿಕ್-ಎ-ಮೈದಾನ ಹುಟ್ಟಿದ್ದು 1549ರಲ್ಲಿ. 1565ರ ಜನವರಿಯಲ್ಲಿ ನಮ್ಮ ಕೃಷ್ಣೆಯ ದಡದ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ, ಶಾಲೆಯ ಪುಸ್ತಕದಲ್ಲಿ ತಾಳಿಕೋಟೆ ಯುದ್ಧವೆಂದು ಓದಿದೆವಲ್ಲ, ಅದರಲ್ಲಿ ಈ ತೋಪೂ ಇತ್ತೆಂದು ಹೇಳಿಕೆ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಆ ಯುದ್ಧದ ತೋಪುಗಳ ವಿಷಯ ಬರೆದಿದ್ದಾನೆ. ನಿಜಾಮಶಾಹಿಯ ತೋಪುಗಳನ್ನು ದೊಡ್ಡವು, ನಡುತರದವು, ಸಣ್ಣವು ಎಂದು ಸಾಲು ಸಾಲಾಗಿ ನಿಲ್ಲಿಸಿದ್ದರು. ವಿಜಯನಗರದ ದಂಡು ತೀರ ಹತ್ತಿರ ಬಂದಾಗ ಗುಂಡಿನ ಬದಲು ತಾಮ್ರದ ದುಡ್ಡಿನ ಚೀಲಗಳನ್ನೇ ತುಂಬಿ ಹಾರಿಸಿದರು. ಆ ತೋಪುಖಾನೆ ಅಂದು ಬೇಕಾದ ದಿನ, ಬೇಕಾದ ಜಾಗದಲ್ಲಿ ಇತ್ತು. ಹಾಗಾಗಿ ನಿಜಾಮಶಾಹನಿಗೆ ಹಾಕಿದ ಹಣ ದಕ್ಕಿತು.

ಆಮೇಲೆ ಕಾಲ ತಿರುಗಿತು. ತೋಪು ಪರಾಂಡದ ಕೋಟೆಯಲ್ಲಿ ಉಳಿಯಿತು. ಪರಾಂಡ ಬಿಜಾಪುರದವರ ಕೈಗೆ ಬಂದಾಗ, 1632ರಲ್ಲಿ, ಮುಹಮ್ಮದ್ ಆದಿಲಶಾಹನ ಕಾಲಕ್ಕೆ, ಅದನ್ನು ಇಲ್ಲಿಗೆ ಎಳೆದು ತಂದರು. ಎಳೆದದ್ದು 400 ಎತ್ತು, 10 ಆನೆ, ಮತ್ತೆ ಎಷ್ಟೋ ಜನ ಎಂದು ಹೇಳುತ್ತಾರೆ. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ಹಾದಿ, ನಡುವೆ ಭೀಮೆಯನ್ನು ದಾಟಬೇಕು. ಎರೆಭೂಮಿಯಲ್ಲಿ ಒಂದು ಹದ ಮಳೆಯಾದರೆ ಬರಿಗಾಲಿನ ಮನುಷ್ಯನೇ ಹೂತುಕೊಳ್ಳುತ್ತಾನೆ. ಅಂಥ ನೆಲದ ಮೇಲೆ 55 ಟನ್! ಆ 400 ಎತ್ತುಗಳಿಗೆ ದಾರಿಯುದ್ದಕ್ಕೂ ಮೇವು ಹಾಕಿದವರು ಯಾರು, ಯಾವ ಊರ ಕಣಿಕೆಯ ಬಣವೆ ಕರಗಿತು ಎಂಬುದನ್ನು ಯಾರೂ ತೋಪಿನ ಮೇಲೆ ಬರೆಸಲಿಲ್ಲ.

ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಈ ಕತೆಯನ್ನೆಲ್ಲ ಕೇಳಿ, ಸಿಂಹದ ಹಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: “ಅಕ್ಕೋರೆ, ಇಷ್ಟ ದೊಡ್ಡ ತೋಪ ಇದ್ರೂ ಬಿಜಾಪುರದವ್ರು ಯಾಕ ಸೋತ್ರಿ?”

ಪಠ್ಯಪುಸ್ತಕದ ಕೊನೆಗೆ ಕೊಡುವ ಪ್ರಶ್ನೆಗಳಿಗಿಂತ ಈ ಪ್ರಶ್ನೆ ದೊಡ್ಡದು. ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಔರಂಗಜೇಬನ ಸೈನ್ಯ ಬಿಜಾಪುರಕ್ಕೆ ಮುತ್ತಿಗೆ ಹಾಕಿದ್ದು 1685ರ ಏಪ್ರಿಲ್ ತಿಂಗಳಲ್ಲಿ. ಊರು ಶರಣಾದದ್ದು 1686ರ ಸೆಪ್ಟೆಂಬರ್ 12ರಂದು. ಹದಿನೇಳು ತಿಂಗಳು. ಗೋಡೆಯ ಹೊರಗಿನವರಿಗೂ ಒಳಗಿನವರಿಗೂ ಒಂದೇ ಶತ್ರು, ಹಸಿವೆ. ಹೊರಗೆ ಶಹಜಾದ ಆಜಮನ ಬಿಡಾರದಲ್ಲಿ ಕಾಳು ತೀರಿ, ದಂಡು ಮುತ್ತಿಗೆ ಬಿಟ್ಟು ಏಳುವ ಹೊತ್ತು ಬಂದಿತ್ತು. ಆಗ ಫಿರೋಜಜಂಗ್ ಎಂಬ ಸರದಾರ ಎತ್ತುಗಳ ಮೇಲೆ ಧಾನ್ಯ ಹೇರಿಸಿಕೊಂಡು ಬಂದು ಮುಟ್ಟಿದ. ಹೊರಗಿನವರು ಉಳಿದರು. ಒಳಗಿನವರಿಗೆ ಅಂಥ ಎತ್ತುಗಳು ಬರಲಿಲ್ಲ. ಕುದುರೆಗಳಿಗೆ ಮೇವಿಲ್ಲ, ಜನಕ್ಕೆ ಕೂಳಿಲ್ಲ. ಸಿಕಂದರ್ ಆದಿಲಶಾಹ, ಇನ್ನೂ ಹದಿನೆಂಟರ ಹುಡುಗ, ಕೋಟೆ ಬಿಟ್ಟುಕೊಟ್ಟ. ಗೆದ್ದ ಬಾದಶಹ ತನ್ನ ಗೆಲುವಿನ ಬರಹವನ್ನು ಎಲ್ಲಿ ಕೆತ್ತಿಸಿದ ಬಲ್ಲಿರಾ? ಇದೇ ಮಲಿಕ್-ಎ-ಮೈದಾನದ ಮೈಮೇಲೆ. ಊರು ಕಾಯಲೆಂದು ತಂದ ನಳಿಗೆ ಊರು ಬಿದ್ದ ಸುದ್ದಿಯ ಓಲೆಯಾಯಿತು.

ಎರಡು ಎತ್ತಿನ ದಂಡುಗಳನ್ನು ನೋಡಿ. ಒಂದು ತೋಪು ಎಳೆಯಿತು, ಒಂದು ಕಾಳು ಹೊತ್ತಿತು. ಹೆಣ್ಣುಮಕ್ಕಳಾದ ನಮಗೆ ಈ ಲೆಕ್ಕ ಸುಲಭ. 55 ಟನ್ ಎಂದರೆ ಕ್ವಿಂಟಲ್ಲಿನ 550 ಚೀಲ. ದಿನಕ್ಕೆ ತಲೆಗೆ ಅರ್ಧ ಕಿಲೋ ಎಂದು ಹಿಡಿದರೂ, ತೋಪಿನ ತೂಕದಷ್ಟು ಜೋಳ ಹಗೇವಿನಲ್ಲಿದ್ದರೆ ಮುನ್ನೂರು ಜನ ವರ್ಷಪೂರ್ತಿ ರೊಟ್ಟಿ ತಿನ್ನಬಹುದು. ಒಂದು ಊರಿಗೆ ಅದು ಸಾಲುವುದಿಲ್ಲ ನಿಜ. ಆದರೂ ಅಷ್ಟೇ ಎತ್ತುಗಳು ಅಷ್ಟೇ ಹಾದಿಯನ್ನು ಜೋಳ ಹೇರಿಕೊಂಡು ನಡೆದಿದ್ದರೆ ಎಂದು ಆ ಬುರುಜಿನ ಮೇಲೆ ನಿಂತಾಗಲೆಲ್ಲ ನನಗೆ ಅನ್ನಿಸಿದೆ.

ಹಾಗೆಂದು ತೋಪು ಮಾಡಿದವನ ಕೈಗೆ ಕುಂದು ಹೇಳಲಾರೆ. ಕೆಲಸ ಅಪ್ಪಟವಾದದ್ದು. ಸುಮಾರು ಐದು ಶತಮಾನ ಬಿಸಿಲು ಮಳೆ ಉಂಡರೂ ಸಿಂಹದ ಹಲ್ಲು ಮೊಂಡಾಗಿಲ್ಲ. 1854ರಲ್ಲಿ, ಬ್ರಿಟಿಷರು ಹಳೆಯ ಸಾಮಾನುಗಳ ಜೊತೆ ಇದನ್ನೂ ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಸರಿಯಲ್ಲ, ಜನ ಇದನ್ನು ಭಕ್ತಿಯಿಂದ ಕಾಣುತ್ತಾರೆ ಎಂದು ಮಾಮಲೇದಾರರು ಸಾತಾರೆಯ ಮೇಲಧಿಕಾರಿಗೆ ಬರೆದದ್ದರಿಂದ ಹರಾಜು ನಿಂತಿತು, ತೋಪು ಉಳಿಯಿತು. ಉಸ್ತಾದನ ಕೆಲಸ ಕಡಿಮೆಯದಲ್ಲ. ಆದರೆ ಅವನ ಕೆಲಸದ ಬೆಲೆ ಬೇರೆ, ಅದು ನಮ್ಮ ಉಪಯೋಗಕ್ಕೆ ಬಂದ ಬೆಲೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದರಿಂದಲೇ ನಾವು ಮೋಸ ಹೋಗುವುದು.

ತಂಗಿಯ ಮಗನಿಗೆ ನಾನು ಮೂರು ಮಾತು ಕೇಳಿದೆ. ನಳಿಗೆ ಬರುವ ಹೊತ್ತಿಗೆ ನಿನಗೆ ಅದರ ಅಗತ್ಯ ಇನ್ನೂ ಇರುತ್ತದೆಯೆ? ಪಂದ್ಯ ಪ್ರತಿ ವರ್ಷ ಬರುತ್ತದೆ, ಇರುತ್ತದೆ ಎಂದ. ಬಂದ ಮೇಲೆ ಅದನ್ನು ಸಾಕುವ ತಾಕತ್ತು ನಿನಗಿದೆಯೆ? ಗುಂಡಿಗೆ, ಅಭ್ಯಾಸಕ್ಕೆ, ಪ್ರಯಾಣಕ್ಕೆ ದುಡ್ಡು ಉಳಿದಿರಬೇಕಲ್ಲ. ಇಲ್ಲಿ ಸ್ವಲ್ಪ ತಡವರಿಸಿದ. ಮೂರನೆಯದು ಮುಖ್ಯವಾದದ್ದು. ಆ ಹತ್ತು ತಿಂಗಳು ಏನು ಮಾಡುತ್ತೀ? ಹಳೆಯ ನಳಿಗೆ ಇದೆಯಲ್ಲ, ಅದರಲ್ಲಿಯೇ ದಿನಾಲು ಅಭ್ಯಾಸ ಮಾಡುತ್ತ ಕಾಯುವುದಾದರೆ ಕಾಯಿ. ಹೊಸದು ಬಂದ ಮೇಲೆ ನೋಡೋಣ ಎಂದು ಕೈಕಟ್ಟಿ ಕೂಡುವುದಾದರೆ ಈಗಲೇ ಬೇಡ ಎನ್ನು. ಪಾಯಿಂಟ್ ಟೂ ಟೂ ನಳಿಗೆ ಸಾವಿರಾರು ಗುಂಡು ಹಾರಿಸಿದರೂ ಬೇಗ ಸವೆಯುವುದಿಲ್ಲ ಎಂದು ಅವನೇ ಹೇಳಿದ್ದ. ಅಂದರೆ ಹಳೆಯದರಲ್ಲಿ ಇನ್ನೂ ಜೀವವಿತ್ತು. ಅವನು ಮುಂಗಡ ಕೊಡಲಿಲ್ಲ. ಆ ವರ್ಷ ಗುಂಡಿಗೆ ಮತ್ತು ತರಬೇತಿಗೆ ಆ ದುಡ್ಡು ಹಾಕಿದ. ಮುಂದಿನ ವರ್ಷ ಬೇಕೆನಿಸಿದರೆ ಕೊಡಿಸೋಣವೆಂದು ಅವರವ್ವನೂ ಒಪ್ಪಿದಳು.

ಇಷ್ಟು ಹೇಳಿದರೆ, ಕಾಯುವುದೇ ದಂಡ ಎಂದು ನಾನು ಹೇಳಿದಂತಾಗುತ್ತದೆ. ಮುಳವಾಡದಲ್ಲಿ ಬಾಳಿದವಳು ಹಾಗೆ ಹೇಳಲಾರಳು. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಕಟ್ಟಡ ಮುಗಿದದ್ದು 2005ರಲ್ಲಿ. ಅಡಿಗಲ್ಲಿನ ಕಾಲಕ್ಕೆ ಹೊಲದಲ್ಲಿ ನೇಗಿಲು ಹಿಡಿದಿದ್ದವರು ಹಿನ್ನೀರು ನಿಲ್ಲುವ ಹೊತ್ತಿಗೆ ಬಹಳ ಮಂದಿ ಇರಲಿಲ್ಲ. ಹಳೆಯ ಬಾಗಲಕೋಟೆಯ ಓಣಿಗಳು, ಹಳೆಯ ಕೊಲ್ಹಾರ ನೀರಿಗೆ ಹೋದವು. ಮನೆ ಬಿಟ್ಟು ಎದ್ದ ತಾಯಂದಿರ ಕಣ್ಣೀರನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ. ಆದರೂ ಇಂದು ನಮ್ಮೂರ ಹೆಸರು ಹೊತ್ತ ಮುಳವಾಡ ಏತ ನೀರಾವರಿಯ ಕಾಲುವೆಯಲ್ಲಿ ನೀರು ಹರಿಯುವುದನ್ನು ಕಂಡಾಗ, ಇದು ಬಾರದೆ ಇದ್ದರೆ ಚೆನ್ನಾಗಿತ್ತು ಎಂದು ಯಾವ ಒಕ್ಕಲಿಗನೂ ಅನ್ನಲಾರ. ಬಾಯಾರಿಕೆ ಪ್ರತಿ ಬೇಸಿಗೆಯಲ್ಲೂ ತಿರುಗಿ ಬರುತ್ತದೆ. ತಡವಾಗಿ ಬಂದ ನೀರೂ ನೀರೇ. ಯುದ್ಧದ ಅಗತ್ಯ ಮಾತ್ರ ಒಂದು ದಿನದ್ದು, ಆ ದಿನ ದಾಟಿದರೆ ತೋಪು ಬರಿಯ ಕಂಚು.

ಇದನ್ನು ಮುಹಮ್ಮದ್ ಆದಿಲಶಾಹನ ಕಾಲವೇ ನಮಗೆ ತೋರಿಸಿ ಹೋಗಿದೆ. 1632ರಲ್ಲಿ ತೋಪು ಬಂತು. 1651ರಲ್ಲಿ ಊರ ತೆಂಕಣ ಬದಿಗೆ ಬೇಗಂ ತಲಾಬ ಎಂಬ ಕೆರೆ ಕಟ್ಟಿಸಿ, ನೆಲದೊಳಗೆ ಮಣ್ಣಿನ ಕೊಳವೆ ಹೂಳಿಸಿ ಊರಿಗೆ ನೀರು ತಂದರು. ಕೆರೆಗೂ ಕೆಲಸಗಾರರು ಬೇಕು, ಖರ್ಚು ಬೇಕು, ವರ್ಷಗಳು ಬೇಕು. ಮಣ್ಣಿನ ಕೊಳವೆಯೂ ಒಂದು ನಳಿಗೆಯೇ ಅಲ್ಲವೆ? ತೋಪನ್ನು ನೋಡಲು ಬಂದವರು ಆ ಕೆರೆಯ ಏರಿಯ ಮೇಲೂ ಒಂದಿಷ್ಟು ಹೊತ್ತು ನಿಂತು ಹೋಗಲಿ ಎಂದು ನನ್ನ ಆಸೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ, ಬುತ್ತಿ ಬಿಚ್ಚುವುದು ಅಲ್ಲಿಯೇ.